ಎಥೆನಾಲ್ ಕಾರಿಗೆ, ಚರಟ ಹಸುವಿಗೆ

ಪೆಟ್ರೋಲಿಗೆ ಶೇ. 20 ಎಥೆನಾಲ್ ಬೆರೆಸುವ ಗುರಿಯನ್ನು ನಮ್ಮ ದೇಶ 2025ರಲ್ಲಿ ಮುಟ್ಟಿತು. ಮೈಲೇಜು ಕಮ್ಮಿ ಆಯ್ತಾ, ಇಂಜಿನ್ ಹಾಳಾಗತ್ತಾ ಅಂತ ಬೇಕಾದಷ್ಟು ಚರ್ಚೆ ಆಗಿದೆ. ಆದ್ರೆ ಮೆಕ್ಕೆಜೋಳದಿಂದ ಎಥೆನಾಲ್ ತೆಗೆದ ಮೇಲೆ ಉಳಿಯೋ ಚರಟ ಎಲ್ಲಿಗೆ ಹೋಗತ್ತೆ ಅಂತ ಕೇಳಿದವರು ಕಮ್ಮಿ. ಅದು ಹೋಗೋದು ಕೋಳಿಗೆ, ಹಸುವಿಗೆ. ಅಂದ್ರೆ ಸುತ್ತಿ ಬಳಸಿ ನಮ್ಮ ಕಾಫಿ ಲೋಟಕ್ಕೇ!

ಲೆಕ್ಕ ಸುಲಭ. ಮೆಕ್ಕೆಜೋಳದಲ್ಲಿ ಸುಮಾರು ಮೂರನೇ ಎರಡು ಪಾಲು ಪಿಷ್ಟ. ಯೀಸ್ಟ್ ಅದನ್ನು ಎಥೆನಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಮಾಡತ್ತೆ. ಉಳಿದ ಒಂದು ಪಾಲನ್ನು ಒಣಗಿಸಿದರೆ ಅದೇ ಡಿಡಿಜಿಎಸ್. ಕಾಳಿನಲ್ಲಿ ಶೇ. 8-9 ಇದ್ದ ಪ್ರೋಟೀನ್ ಇಲ್ಲಿ ಶೇ. 27-30 ಆಗತ್ತೆ. ಕೊಬ್ಬು, ನಾರು, ರಂಜಕ ಎಲ್ಲಾ ಹೀಗೇ ಹೆಚ್ಚು ಕಮ್ಮಿ ಮೂರು ಪಟ್ಟು. ಅಮೆರಿಕದ ದನಗಳು ದಶಕಗಳಿಂದ ಇದನ್ನು ತಿನ್ನುತ್ತಿವೆ. ಹಾಗಾಗಿ ಇದು ಕಸ ಅನ್ನೋರ ಮಾತು ನಾನು ಒಪ್ಪಲ್ಲ.

ಆದರೆ ಸ್ವಾಮಿ, ಮೂರು ಪಟ್ಟಿನ ಈ ಲೆಕ್ಕ ವಿಷಕ್ಕೂ ಅನ್ವಯಿಸತ್ತೆ! ಸರಿಯಾಗಿ ಒಣಗದ ಕಾಳಿಗೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಹುಟ್ಟತ್ತೆ. ಕುದಿಸಿದರೂ, ಹುಳಿ ಬರಿಸಿದರೂ ಅದು ಪೂರ್ತಿ ಸಾಯಲ್ಲ. ಎಥೆನಾಲ್ ಜೊತೆಗೂ ಹೋಗಲ್ಲ, ಚರಟದಲ್ಲೇ ಉಳಿಯತ್ತೆ. ಅಮೆರಿಕದಲ್ಲಿ ಹಾಲು ಕೊಡೋ ಹಸುವಿನ ಆಹಾರಕ್ಕೆ ಇದರ ಮಿತಿ 20 ಪಿಪಿಬಿ. 10 ಪಿಪಿಬಿ ಇರೋ ಕಾಳು ಪಾಸು. ಅದರ ಡಿಡಿಜಿಎಸ್ ಸುಮಾರು 30, ಅಂದ್ರೆ ಫೇಲು. ಹಸು ತಿಂದ ವಿಷದ ಒಂದಂಶ ರೂಪ ಬದಲಿಸಿ ಹಾಲಿಗೂ ಬರತ್ತೆ.

ಇನ್ನೊಂದು ಮೋಸ ಆ ಪ್ರೋಟೀನ್ ಅಂಕಿಯದ್ದೇ. ಒಣಗಿಸುವಾಗ ಸೀದು ಹೋದರೆ ಲೈಸಿನ್ ಹಾಳಾಗತ್ತೆ. ಲ್ಯಾಬಿನಲ್ಲಿ ಪ್ರೋಟೀನ್ ಲೆಕ್ಕ ಹಾಕೋದು ಸಾರಜನಕ ಅಳೆದು, ಹಾಗಾಗಿ ಸೀದದ್ದೂ ಲೆಕ್ಕಕ್ಕೆ ಸೇರತ್ತೆ. ಚೀಲದ ಮೇಲೆ ಅದೇ 28, ಹಸು-ಕೋಳಿಗೆ ದಕ್ಕೋದು ಮಾತ್ರ ಕಮ್ಮಿ. ಕಪ್ಪು ಬಣ್ಣ, ಸೀದ ವಾಸನೆ ಇದ್ದರೆ ಅನುಮಾನ ಪಡಲೇಬೇಕು.

ನನ್ನ ಪ್ರಕಾರ ಎರಡು ಕೆಲಸ ಆಗಬೇಕು. ಕಾಳು ಕೊಳ್ಳುವಾಗಲೇ ಕಾರ್ಖಾನೆ ಮೇವಿನ ಮಿತಿಯ ಮೂರನೇ ಒಂದು ಪಾಲಿಗೆ ಗೆರೆ ಎಳೆಯಲಿ. ಪ್ರತಿ ಬ್ಯಾಚಿನ ಅಫ್ಲಾಟಾಕ್ಸಿನ್ ಅಂಕಿ ಚೀಲದ ಮೇಲೆ ಅಚ್ಚಾಗಲಿ. ಎರಡು ಹಸು ಸಾಕಿಕೊಂಡವರು ಲ್ಯಾಬ್ ಹುಡುಕಿಕೊಂಡು ಹೋಗೋಕಾಗತ್ತಾ? ಪರೀಕ್ಷೆ ಮಾಡಿಸೋದು ಮಾರೋರ ಕೆಲಸ. ಎಥೆನಾಲಿನ ಲಾಭ ಒಬ್ಬರಿಗೆ, ಬೂಷ್ಟಿನ ಪಾಲು ಇನ್ನೊಬ್ಬರಿಗೆ ಅಂದ್ರೆ ಅದ್ಯಾವ ನ್ಯಾಯ?

ನೀವೇನಂತೀರಿ?