ದಾರಿಯ ಮೇಲಿನ ಸಾರುವೆ

ಲೀಡ್ಸ್ ನಗರದ ಹೇರ್‌ಹಿಲ್ಸ್, ಬೀಸ್ಟನ್, ಹೋಲ್ಬೆಕ್ ಮೊದಲಾದ ಕೇರಿಗಳಲ್ಲಿ ಬೆನ್ನಿಗೆ ಬೆನ್ನು ತಾಗಿಸಿ ಕಟ್ಟಿದ ಇಟ್ಟಿಗೆಯ ಮನೆಗಳ ಸಾಲುಗಳು ಇಂದಿಗೂ ಜನವಸತಿಯಿಂದ ತುಂಬಿವೆ. 1909ರ ಶಾಸನವು ಇಂತಹ ಗೃಹನಿರ್ಮಾಣವನ್ನು ನಿಷೇಧಿಸಿತಾದರೂ, ಅದಕ್ಕೆ ಮುನ್ನ ಅನುಮೋದನೆ ಪಡೆದಿದ್ದ ಬೀದಿಗಳಿಗೆ ದೊರೆತ ವಿನಾಯಿತಿಯನ್ನು ಆಧರಿಸಿ ಆ ಊರಿನವರು 1937ರವರೆಗೂ ಅವನ್ನು ಕಟ್ಟುತ್ತಲೇ ಬಂದರು. ಈ ಮನೆಗಳಿಗೆ ಹಿತ್ತಿಲೆಂಬುದಿಲ್ಲ. ಗಾಳಿಬೆಳಕುಗಳಿಗೆ ಒಡ್ಡಿಕೊಂಡ ಗೋಡೆ ಬೀದಿಯ ಕಡೆಯದೊಂದೇ. ಅನೇಕ ಮನೆಗಳ ಬಾಗಿಲು ನೇರವಾಗಿ ಫುಟ್‌ಪಾತಿಗೇ ತೆರೆಯುವುದರಿಂದ, ಮಾಡಿನ ಕಲ್ಲುಹಲಗೆ ಜಾರಿದಾಗಲಾಗಲಿ, ಸೂರಿನ ದೋಣಿ ಸೋರತೊಡಗಿದಾಗಲಾಗಲಿ, ಸಾರುವೆಯ ಕಾಲು ಊರುವುದಕ್ಕೆ ಸಾರ್ವಜನಿಕರ ನೆಲವಲ್ಲದೆ ಅನ್ಯ ಸ್ಥಳವಿಲ್ಲ.

ಆ ನೆಲದ ಮೇಲೆ ಸಾರುವೆ ನಿಲ್ಲಿಸುವುದಕ್ಕೆ 1980ರ ಹೈವೇಸ್ ಆಕ್ಟಿನ 169ನೆಯ ವಿಧಿಯ ಪ್ರಕಾರ ರಸ್ತೆಯ ಪ್ರಾಧಿಕಾರದಿಂದ ಲೈಸೆನ್ಸ್ ಪಡೆಯತಕ್ಕದ್ದು. ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್‌ಗಳಲ್ಲಿ ಇದು ಸಾಮಾನ್ಯವಾಗಿ ನಗರಸಭೆಯ ಕೆಲಸ. ಆ ವಿಧಿಯಲ್ಲಿ ನನಗೆ ಬಹು ಉಚಿತವಾಗಿ ಕಾಣುವ ಅಂಶವೆಂದರೆ, ಅನುಮತಿಯು ಅಧಿಕಾರಿಯ ಕೃಪೆಗೆ ಬಿಟ್ಟ ವಸ್ತುವಲ್ಲವೆಂಬುದು. ಸಾರುವೆಯಿಂದ ದಾರಿಗೆ ಅಸಮಂಜಸವಾದ ಅಡ್ಡಿಯುಂಟಾಗುವುದೆಂದಾಗಲಿ, ಇನ್ನೂ ಕಡಿಮೆ ಅಡ್ಡಿಯ ಬೇರೊಂದು ರಚನೆಯಿಂದಲೇ ಕಾರ್ಯ ನೆರವೇರುವುದೆಂದಾಗಲಿ ತೋರದ ಹೊರತು, ಬೇಕಾದ ವಿವರಗಳನ್ನೊದಗಿಸಿದವನಿಗೆ ಲೈಸೆನ್ಸ್ ಕೊಡಲೇಬೇಕು. ನಿರಾಕರಿಸಿದರೆ ಆತನು ಮ್ಯಾಜಿಸ್ಟ್ರೇಟರ ನ್ಯಾಯಾಲಯಕ್ಕೆ ಹೋಗಬಹುದು.

ಇನ್ನು ಪಡೆದವನ ಹೊಣೆ. ಸೂರ್ಯಾಸ್ತದ ಅರ್ಧ ಗಂಟೆಯ ಅನಂತರದಿಂದ ಸೂರ್ಯೋದಯದ ಅರ್ಧ ಗಂಟೆ ಮುಂಚಿನವರೆಗೆ ಸಾರುವೆಗೆ ಸಾಕಷ್ಟು ಬೆಳಕಿರಬೇಕೆಂದು ಅದೇ ವಿಧಿ ಹೇಳುತ್ತದೆ. ಡಿಸೆಂಬರಿನಲ್ಲಿ ಲೀಡ್ಸಿನ ಸೂರ್ಯನು ಸಂಜೆ ನಾಲ್ಕಕ್ಕೆ ಮೊದಲೇ ಮುಳುಗುವುದರಿಂದ, ಜನ ಕೆಲಸದಿಂದ ಮರಳುವ ವೇಳೆಯೆಲ್ಲ ಕತ್ತಲಿನದೇ. ಆ ಹೊತ್ತಿನಲ್ಲಿ ಕಬ್ಬಿಣದ ಕೊಳವೆಗೆ ಸುತ್ತಿದ ಹಳದಿ ಸ್ಪಂಜಿನ ತೋಳು, ಅಡಿಯ ಹಲಗೆ, ಅದರ ಮೇಲಿನ ಉಕ್ಕಿನ ತಟ್ಟೆ, ಇವೊಂದೊಂದೂ ನಡೆಯುವವರ ಮೈಗೆ ಸಂಬಂಧಿಸಿದ ವಿಷಯಗಳೇ ಆಗಿರುತ್ತವೆ. ಬಿಳಿಯ ಕೋಲನ್ನು ನೆಲಕ್ಕೆ ತಾಗಿಸುತ್ತ ಬರುವ ಅಂಧರಿಗೆ ಕೆಳಮಟ್ಟದಲ್ಲಿ ಅಡ್ಡಪಟ್ಟಿಯಿಲ್ಲದಿದ್ದರೆ, ಕೋಲು ಎರಡು ಕಂಬಗಳ ನಡುವೆ ನುಸುಳಿಹೋಗಿ, ಅಡ್ಡಕೊಳವೆ ನೇರವಾಗಿ ಎದೆಗೋ ಮುಖಕ್ಕೋ ಬಡಿಯುತ್ತದೆ. ಗಾಲಿಕುರ್ಚಿಯವರಿಗೂ ಮಗುವಿನ ಗಾಡಿ ತಳ್ಳುವ ತಾಯಂದಿರಿಗೂ ಜಾಗ ಸಾಲದೆ ಹೋದರೆ, ಅವರು ಇಳಿಯಬೇಕಾದದ್ದು ಬಸ್ಸು ಓಡುವ ದಾರಿಗೆ.

ಮೇಲೆ ನಿಂತು ದುಡಿಯುವವನ ಕ್ಷೇಮವನ್ನು ಕುರಿತದ್ದು 2005ರ ಬೇರೊಂದು ನಿಯಮಾವಳಿ. ಆತನು ಎರಡು ಮೀಟರು ಅಥವಾ ಹೆಚ್ಚಿನ ಎತ್ತರದಿಂದ ಬೀಳಬಹುದಾದಂತಹ ಕಟ್ಟಡಕೆಲಸದ ಸಾರುವೆಯನ್ನು ಏಳು ದಿನಗಳಿಗೊಮ್ಮೆ ಪರೀಕ್ಷಿಸಬೇಕೆಂದು ಅದು ವಿಧಿಸಿದೆ.

ಈ ನಗರಗಳಲ್ಲಿ ಹಳೆಯ ಮನೆಗಳನ್ನು ಕೊಂಡು ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳವರಲ್ಲಿ ಕೆಲವರು, ನಮ್ಮ ಮನೆಯ ಗೋಡೆಗೆ ನಾವು ಏಣಿ ಹಾಕಲು ಇನ್ನೊಬ್ಬರನ್ನೇಕೆ ಕೇಳಬೇಕೆಂದು ಆಕ್ಷೇಪಿಸುತ್ತಾರೆ. ಗೋಡೆ ಅವರದು ಹೌದು, ನೆಲ ಅವರದಲ್ಲ. ಜಲ್ಲಿಯನ್ನೂ ಮರಳನ್ನೂ ಫುಟ್‌ಪಾತಿನ ಮೇಲೆ ಸುರಿದು, ತಿಂಗಳುಗಟ್ಟಲೆ ಮುದುಕರನ್ನೂ ಶಾಲೆಯ ಮಕ್ಕಳನ್ನೂ ರಸ್ತೆಗಿಳಿಸುವ ಬೆಂಗಳೂರಿನ ಬಡಾವಣೆಗಳನ್ನು ಕಂಡವರು ಈ ವ್ಯತ್ಯಾಸವನ್ನು ಹಗುರವಾಗಿ ನೋಡಲಾಗದು.

ಆದರೆ ಶುಲ್ಕದ ವಿಷಯದಲ್ಲಿ ನನಗೆ ಸಮಾಧಾನವಿಲ್ಲ. ಅರ್ಜಿ ಹಾಕುವವನು ಸಾಮಾನ್ಯವಾಗಿ ಸಾರುವೆಯ ಗುತ್ತಿಗೆದಾರನಾದರೂ, ಅವನು ತೆತ್ತ ಶುಲ್ಕ ಮನೆಯವನ ಬಿಲ್ಲಿಗೆ ಸೇರುತ್ತದೆ. ಮುಂದೆ ತೋಟವುಳ್ಳ ಸಿರಿವಂತನು ತನ್ನ ಅಂಗಳದಲ್ಲೇ ಸಾರುವೆ ನಿಲ್ಲಿಸಿ ಈ ಖರ್ಚಿನಿಂದ ಪಾರಾಗುತ್ತಾನೆ. ಒಂದು ಚಿಕ್ಕ ಸೋರಿಕೆಗೂ ಫುಟ್‌ಪಾತನ್ನೇ ಆಶ್ರಯಿಸಬೇಕಾದ ಬಡವನಿಗೆ ಆ ಮಾರ್ಗವಿಲ್ಲ, ಅವನು ದುರಸ್ತಿಯನ್ನೇ ಮುಂದೂಡುತ್ತಾನೆ. ಹೀಗೆ ಮುಂದೂಡಿದ ಮಾಡಿನಿಂದ ಒಂದು ದಿನ ಕಲ್ಲುಹಲಗೆ ಬೀಳುವುದು ಅದೇ ದಾರಿಹೋಕರ ಮೇಲೆ. ಅಂಗಳವಿಲ್ಲದ ಮನೆಗಳ ಅಲ್ಪಾವಧಿಯ ದುರಸ್ತಿಗೆ ನಗರಸಭೆಗಳು ಶುಲ್ಕವನ್ನು ಗಣನೀಯವಾಗಿ ಇಳಿಸಬೇಕು. ಬೆಳಕು, ಅಡ್ಡಪಟ್ಟಿ, ದಾರಿಯ ಅಗಲಗಳ ವಿಷಯದಲ್ಲಿ ಮಾತ್ರ ಎಳ್ಳಷ್ಟೂ ಸಡಿಲಿಸಬಾರದು. ಮನೆಯವರೂ ಗುತ್ತಿಗೆಗೆ ರುಜು ಹಾಕುವ ಮೊದಲೇ ಲೈಸೆನ್ಸಿನ ಪ್ರತಿಯನ್ನು ಕೇಳಿ ಪಡೆದು, ಅದರ ಅವಧಿಯನ್ನೂ ಷರತ್ತುಗಳನ್ನೂ ತಾವೇ ಓದಿಕೊಳ್ಳಬೇಕು.