ಬಡ್ತಿಗಾಗಿ ಬರೆದದ್ದು, ಕೋಲಾರಕ್ಕಾಗಿ ಬರೆಯದೆ ಉಳಿದದ್ದು

ವೈದ್ಯಕೀಯ ಕಾಲೇಜಿನ ಅಧ್ಯಾಪಕರಿಗೆ ಬಡ್ತಿ ಸಿಗಬೇಕಾದರೆ ಸಂಶೋಧನಾ ಪ್ರಬಂಧ ಪ್ರಕಟವಾಗಿರಲೇಬೇಕು ಎಂಬ ನಿಯಮದ ಜಗಳಕ್ಕೆ ಹತ್ತು ವರ್ಷ ದಾಟಿದೆ. ಯಾವ ಬಗೆಯ ಲೇಖನ ನಡೆಯುತ್ತದೆ, ಲೇಖಕರ ಪಟ್ಟಿಯಲ್ಲಿ ಎಷ್ಟನೆಯ ಹೆಸರಿಗೆ ಅಂಕ ಎಂದು ಭಾರತೀಯ ವೈದ್ಯಕೀಯ ಪರಿಷತ್ತು 2015ರಲ್ಲಿ ಬಿಡಿಸಿ ಹೇಳಿತು. ಪರಿಷತ್ತು ಹೋಗಿ 2020ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂದರೂ ಎಣಿಕೆ ನಿಲ್ಲಲಿಲ್ಲ. ಸಹ ಪ್ರಾಧ್ಯಾಪಕರಾಗಲು ಎರಡು ಪ್ರಬಂಧ ಬೇಕು. ಎಂ.ಡಿ., ಎಂ.ಎಸ್. ವಿದ್ಯಾರ್ಥಿಗೆ ಥೀಸಿಸ್ ಕಡ್ಡಾಯ. ಇದರ ಮೇಲೆ ಸಂಶೋಧನಾ ವಿಧಾನದ ಆನ್‌ಲೈನ್ ಕೋರ್ಸನ್ನೂ ಮುಗಿಸಬೇಕು.

ನಿಯಮದ ಪರ ನಿಂತವರ ವಾದ ಹುರುಳಿಲ್ಲದ್ದಲ್ಲ. ಸಮಿರನ್ ನಂದಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ದೇಶದ 579 ವೈದ್ಯಕೀಯ ಸಂಸ್ಥೆಗಳಲ್ಲಿ 332 ಸಂಸ್ಥೆಗಳಿಂದ 2005ರಿಂದ 2014ರವರೆಗೆ ಒಂದು ಪ್ರಬಂಧವೂ ಹೊರಬಂದಿರಲಿಲ್ಲ. ಬರೀ 25 ಸಂಸ್ಥೆಗಳು ಒಟ್ಟು ಪ್ರಬಂಧಗಳಲ್ಲಿ ಶೇ 40ರಷ್ಟನ್ನು ಹೊತ್ತಿದ್ದವು. ಒತ್ತಾಯವಿಲ್ಲದೆ ಯಾರೂ ಪೆನ್ನು ಹಿಡಿಯುವುದಿಲ್ಲ ಎಂಬ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ರೋಗ ಗುರುತಿಸಿದ್ದು ಸರಿ, ಕೊಟ್ಟ ಮದ್ದು ಮಾತ್ರ ತಪ್ಪು. ಬೆಳಿಗ್ಗೆ ಒಪಿಡಿ, ಮಧ್ಯಾಹ್ನ ವಾರ್ಡು, ರಾತ್ರಿ ಡ್ಯೂಟಿ, ನಡುವೆ ಪಾಠ ಮಾಡುವ ವೈದ್ಯರಿಗೆ ಸಮಯ ಕೊಡದೆ ಪ್ರಬಂಧ ಕೇಳಿದರೆ ಅವರು ಅದನ್ನು ಎಲ್ಲಿಂದಾದರೂ ತಂದು ಒಪ್ಪಿಸುತ್ತಾರೆ. ಹಣ ಪಡೆದು ಏನನ್ನಾದರೂ ಅಚ್ಚು ಹಾಕುವ ನಿಯತಕಾಲಿಕೆಗಳು ಬೆಳೆದದ್ದು ಇಂಥ ಹಸಿವಿನ ಮೇಲೆಯೇ. ಹೈದರಾಬಾದಿನ ಓಮಿಕ್ಸ್ ಸಂಸ್ಥೆ ಲೇಖಕರನ್ನು ವಂಚಿಸಿದೆ ಎಂದು ಅಮೆರಿಕದ ನ್ಯಾಯಾಲಯ 2019ರಲ್ಲಿ ಐದು ಕೋಟಿ ಡಾಲರಿಗೂ ಮಿಕ್ಕಿ ದಂಡ ವಿಧಿಸಿತು. ಅಂಗಡಿಗೆ ದಂಡ ಬಿತ್ತು. ಅಂಗಡಿಗೆ ಗಿರಾಕಿಗಳನ್ನು ಅಟ್ಟುವ ಬಡ್ತಿ ಪದ್ಧತಿ ಹಾಗೆಯೇ ಉಳಿಯಿತು.

ಇದರಿಂದ ಏನು ಕಳೆದುಹೋಗುತ್ತಿದೆ ಎಂಬುದಕ್ಕೆ ಕೋಲಾರ ಜಿಲ್ಲೆ ಒಳ್ಳೆಯ ಉದಾಹರಣೆ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ದಾಖಲಾದದ್ದು ಕೋಲಾರದ ಚಿನ್ನದ ಗಣಿಯಿಂದ ಎಂದು ಪಠ್ಯಪುಸ್ತಕಗಳು 1947ರ ವರದಿಯನ್ನು ತೋರಿಸುತ್ತವೆ. ಸಾವಿರಾರು ಕಾರ್ಮಿಕರ ಎದೆಯ ಎಕ್ಸ್‌ರೇ ನೋಡಿ, ಹೆಸರು, ವಯಸ್ಸು, ಗಣಿಯೊಳಗೆ ಕಳೆದ ವರ್ಷಗಳನ್ನು ಬರೆದಿಟ್ಟದ್ದರಿಂದ ಆ ವರದಿ ಹುಟ್ಟಿತು. ಗಣಿ 2001ರಲ್ಲಿ ಮುಚ್ಚಿತು. ಆ ದಾಖಲೆ ಮಾತ್ರ ದೂಳಿನ ರೋಗದ ಚರ್ಚೆಯಲ್ಲಿ ಇಂದಿಗೂ ಉಲ್ಲೇಖವಾಗುತ್ತದೆ.

ಇವತ್ತಿನ ಪ್ರಶ್ನೆಗಳೂ ಕಡಿಮೆಯಿಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಕಡೆಯ ಆಳದ ಬೋರ್‌ವೆಲ್‌ಗಳಲ್ಲಿ ಅದನ್ನು ಮೀರಿದವು ಎಷ್ಟೋ ಇವೆ. ಶುದ್ಧ ನೀರಿನ ಘಟಕ ಬಂದ ಊರಿನ ಮಕ್ಕಳ ಹಲ್ಲಿನ ಕಲೆ ಹತ್ತು ವರ್ಷದಲ್ಲಿ ಕಡಿಮೆಯಾಯಿತೇ? ಕಡ್ಡಿಪುಡಿಯನ್ನು ಕೆನ್ನೆಯಲ್ಲಿ ಒತ್ತರಿಸಿಕೊಂಡೇ ಮಲಗುವ ಹೆಂಗಸರಲ್ಲಿ ಬಾಯಿ ಕ್ಯಾನ್ಸರ್ ಯಾವ ಹಂತದಲ್ಲಿ ಪತ್ತೆಯಾಗುತ್ತಿದೆ? ಬಾಯಿ ಕ್ಯಾನ್ಸರ್ ಕುರಿತು ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ವೈದ್ಯರು ಬರೆದಿದ್ದಾರೆ, ಅದು ಮೆಚ್ಚತಕ್ಕದ್ದು. ಆದರೆ ರೋಗಿ ಟಮಕ ತಲುಪುವ ಮುಂಚೆ ತಾಲ್ಲೂಕು ಆಸ್ಪತ್ರೆಯಲ್ಲಿ ಕಳೆದ ತಿಂಗಳುಗಳ ಕಥೆ ತಾಲ್ಲೂಕು ವೈದ್ಯರೇ ಬರೆಯಬೇಕಾದದ್ದು.

ಕೆ.ಸಿ. ವ್ಯಾಲಿ ನೀರಿನ ಯೋಜನೆ ಇನ್ನೂ ದೊಡ್ಡ ಪ್ರಶ್ನೆ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಈ ಯೋಜನೆಯಡಿ 2018ರಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದಾಗಿನಿಂದ ಎರಡು ಹಂತದ ಶುದ್ಧೀಕರಣ ಸಾಕೇ, ಮೂರನೆಯದು ಬೇಕೇ ಎಂಬ ವಾದ ಹೈಕೋರ್ಟು, ಸುಪ್ರೀಂ ಕೋರ್ಟುಗಳನ್ನು ಹತ್ತಿ ಇಳಿದಿದೆ. ಅಂತರ್ಜಲ ಏರಿತೆಂದು ಒಬ್ಬರು, ವಿಷ ಏರಿತೆಂದು ಇನ್ನೊಬ್ಬರು. ಕೆರೆಯಂಚಿನ ಊರುಗಳ ಭೇದಿ, ಚರ್ಮರೋಗಗಳನ್ನು ದೂರದ ಊರುಗಳೊಂದಿಗೆ ವರ್ಷಗಟ್ಟಲೆ ಹೋಲಿಸಿದ ದಾಖಲೆ ಕೈಯಲ್ಲಿದ್ದರೆ ಈ ವಾದಕ್ಕೆ ನೆಲ ಸಿಗುತ್ತಿತ್ತು. ಆ ದಾಖಲೆಗೆ ಬೇಕಾದ ಕಚ್ಚಾ ಮಾಹಿತಿ ದಿನವೂ ಒಪಿ ಪುಸ್ತಕಕ್ಕೆ ಇಳಿಯುತ್ತದೆ, ವರ್ಷದ ಕೊನೆಗೆ ಬೀರು ಸೇರುತ್ತದೆ.

ಹಳ್ಳಿಯಲ್ಲಿ ಗಟ್ಟಿ ಸಂಶೋಧನೆ ಸಾಧ್ಯವಿಲ್ಲ ಎನ್ನುವವರು ಶ್ರೀನಿವಾಸಪುರ ನೋಡಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಈ ತಾಲ್ಲೂಕಿನ 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ, ಮರೆವಿನ ರೋಗದ ಬೇರು ಹುಡುಕುವ ಅಧ್ಯಯನಕ್ಕೆ ಇಳಿದಿದೆ. ಅಧ್ಯಯನದ ಹೆಸರು ಶುರುವಾಗುವುದೇ ಊರಿನ ಹೆಸರಿನಿಂದ. ಇಷ್ಟು ದೊಡ್ಡ ಯೋಜನೆಗೆ ನೆಲ ಕೊಟ್ಟ ತಾಲ್ಲೂಕಿನ ಸರ್ಕಾರಿ ವೈದ್ಯರು, ನರ್ಸ್‌ಗಳು ಅದರಲ್ಲಿ ಕಲಿಯುವವರೂ ಬರೆಯುವವರೂ ಆಗಬೇಕು. ರೋಗಿಗಳನ್ನು ಕಳುಹಿಸಿಕೊಡುವಷ್ಟಕ್ಕೆ ಅವರ ಪಾಲು ನಿಲ್ಲಬಾರದು.

ದೊಡ್ಡ ಅನುದಾನವಿಲ್ಲದೆಯೂ ಕೆಲಸ ಶುರುವಾಗುತ್ತದೆ. ಮಹಾರಾಷ್ಟ್ರದ ಕೊಂಕಣದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಾಗಿದ್ದ ಹಿಮ್ಮತ್‌ರಾವ್ ಬಾವಸ್ಕರ್ ಕೆಂಪು ಚೇಳು ಕಡಿದವರ ಹಾಸಿಗೆ ಪಕ್ಕ ಕೂತು ಬರೆದುಕೊಂಡದ್ದು 1982ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಪ್ರಾಜೋಸಿನ್ ಮಾತ್ರೆಯಿಂದ ಜೀವ ಉಳಿಸುವ ದಾರಿಯನ್ನೂ ಅವರೇ ತೋರಿದರು. ಹೊಸಬರಿಗೆ ಕ್ರಮವೂ ಇದೇ: ಒಪಿಡಿಯಲ್ಲಿ ಮತ್ತೆ ಮತ್ತೆ ಕಾಡುವ ಒಂದೇ ಪ್ರಶ್ನೆ, ಒಂದೇ ರೀತಿ ತುಂಬುವ ರಿಜಿಸ್ಟರ್, ಎಷ್ಟು ಜನ ಬೇಕೆಂದು ಮೊದಲೇ ಸಂಖ್ಯಾಶಾಸ್ತ್ರಜ್ಞರೊಡನೆ ಮಾತು, ಮಾಹಿತಿ ಸಂಗ್ರಹಕ್ಕೆ ಮುನ್ನ ನೈತಿಕ ಸಮಿತಿಯ ಒಪ್ಪಿಗೆ. ತಾಲ್ಲೂಕು ಆಸ್ಪತ್ರೆಯ ವೈದ್ಯರು ಎಡವುವುದು ಈ ಕೊನೆಯ ಮೆಟ್ಟಿಲಲ್ಲಿ, ಏಕೆಂದರೆ ಅಂಥ ಸಮಿತಿಗಳು ಸಾಮಾನ್ಯವಾಗಿ ಇರುವುದು ಕಾಲೇಜುಗಳಲ್ಲಿ.

ವೈದ್ಯಕೀಯ ಆಯೋಗದ 2025ರ ನಿಯಮ 220ಕ್ಕೂ ಹೆಚ್ಚು ಹಾಸಿಗೆಯ ಸರ್ಕಾರಿ ಆಸ್ಪತ್ರೆಗಳ ಅನುಭವಿ ತಜ್ಞರಿಗೆ ಅಧ್ಯಾಪಕರಾಗುವ ಬಾಗಿಲು ತೆರೆದಿದೆ. ಅವರ ಮೇಲೂ ಪ್ರಬಂಧದ ಲೆಕ್ಕ ಹೇರುವ ಮುನ್ನ ಆಯೋಗ ಎಣಿಕೆಯನ್ನು ಕೈಬಿಡಲಿ. ಕೈಗೊಂಡ ಪ್ರಶ್ನೆ, ಇಟ್ಟ ದಾಖಲೆಯ ಗುಣ ನೋಡಿ ಬಡ್ತಿ ಕೊಡಲಿ. ರಾಜ್ಯದ ಆರೋಗ್ಯ ಇಲಾಖೆ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಆಸ್ಪತ್ರೆಗಳಲ್ಲಿ ಆಸಕ್ತ ವೈದ್ಯರಿಗೆ, ನರ್ಸ್‌ಗಳಿಗೆ ವಾರಕ್ಕೆ ಅರ್ಧ ದಿನವನ್ನು ಡ್ಯೂಟಿ ಪಟ್ಟಿಯಲ್ಲೇ ಬರೆದು ಕೊಡಲಿ, ಕೋಲಾರದ ಜಿಲ್ಲಾ ಆಸ್ಪತ್ರೆಯಲ್ಲಿ ನಾಲ್ಕೂ ಕಡೆಗೆ ಸೇರಿ ಒಂದು ನೈತಿಕ ಸಮಿತಿ ರಚಿಸಲಿ. ಇವೆರಡಕ್ಕೂ ಹೊಸ ಕಟ್ಟಡ ಬೇಕಿಲ್ಲ, ಒಂದು ಸುತ್ತೋಲೆ ಸಾಕು.