ಚಾ ಹಂಚಲು ಹುಡುಗಿಯರು, ತೀರ್ಮಾನಕ್ಕೆ ಹಿರಿಯರು: ಮಹಿಳಾ ಕೂಟ ಉಳಿಯುವುದು ಹೇಗೆ?

ಮಂಗಳೂರಿನ ಸಿಟಿ ಬಸ್ಸಿನಲ್ಲಿ ಓಡಾಡುವವರಿಗೆ ಚರ್ಚುಗಳು ಸ್ಟಾಪಿನ ಗುರುತು ಇದ್ದ ಹಾಗೆ. ಹಂಪನಕಟ್ಟೆಯಲ್ಲೊಂದು, ಬಲ್ಮಠದಲ್ಲೊಂದು, ಜೆಪ್ಪುವಿನಲ್ಲೊಂದು. ಅವುಗಳ ಗೇಟಿನಲ್ಲಿ ವರ್ಷಕ್ಕೆ ಒಂದೆರಡು ಸಲ ಬ್ಯಾನರ್ ಕಾಣುತ್ತದೆ. ಮಹಿಳೆಯರ ಸ್ನೇಹ ಕೂಟ, ಎಲ್ಲರಿಗೂ ಆದರದ ಸ್ವಾಗತ. ಒಳಗೆ ಹೋಗಿ ನೋಡಿದರೆ ಹೆಚ್ಚಿನ ಕಡೆ ಒಂದೇ ನೋಟ. ಮುಂದಿನ ಸಾಲುಗಳಲ್ಲಿ ಅರವತ್ತು ದಾಟಿದವರು. ಹಿಂದೆ ಖಾಲಿ ಕುರ್ಚಿಗಳು. ಇಪ್ಪತ್ತೈದು ಮೂವತ್ತರ ಯುವತಿಯರು ಎಲ್ಲಿ? ಇಬ್ಬರೋ ಮೂವರೋ ಇದ್ದಾರೆ. ಅವರ ಕೈಯಲ್ಲಿ ಚಾದ ಟ್ರೇ!

'ಈಗಿನ ಹುಡುಗಿಯರಿಗೆ ಮೊಬೈಲ್ ಒಂದಿದ್ದರೆ ಸಾಕು ಮಾರಾಯ್ರೆ' ಎನ್ನುವುದು ಹಿರಿಯರ ಗೊಣಗಾಟ. ಸುಲಭದ ಮಾತು ಇದು, ಸತ್ಯದ ಮಾತಲ್ಲ. ಇದೇ ಹುಡುಗಿಯರು ಕ್ರಿಸ್‌ಮಸ್ ಬಂದರೆ ತಿಂಗಳುಗಟ್ಟಲೆ ಹಾಡು ಅಭ್ಯಾಸ ಮಾಡುತ್ತಾರೆ. ಮಕ್ಕಳಿಗೆ ಸಂಡೇ ಸ್ಕೂಲ್ ನಡೆಸುತ್ತಾರೆ. ಬೆಳೆ ಹಬ್ಬದ ಏಲಂನಲ್ಲಿ ಬಾಳೆಗೊನೆ ಹಿಡಿದು ನಿಲ್ಲುತ್ತಾರೆ. ಅಂದರೆ ಅವರು ಚರ್ಚಿಗೆ ಬೆನ್ನು ಹಾಕಿಲ್ಲ. ಮಹಿಳಾ ಕೂಟಕ್ಕೆ ಮಾತ್ರ ಬರುತ್ತಿಲ್ಲ. ತಪ್ಪು ಹುಡುಗಿಯರಲ್ಲಿ ಉಂಟೋ, ಕೂಟ ನಡೆಸುವ ಕ್ರಮದಲ್ಲಿ ಉಂಟೋ?

ನಷ್ಟ ಯಾರಿಗೆ?

ಹೆಂಗಸರ ಕೂಟ ನಿಂತರೆ ಊರಿಗೇನು ನಷ್ಟ ಎಂದು ಅಂಗಡಿಯವರು ಕೇಳಬಹುದು. ನಷ್ಟ ಉಂಟು. ಒಂದು ಮನೆಯಲ್ಲಿ ಸಾವಾದರೆ ಮೊದಲು ಗಂಜಿ ಚಟ್ನಿ ತರುವವರು ಈ ಹೆಂಗಸರು. ಆಸ್ಪತ್ರೆಯ ವಾರ್ಡಿನಲ್ಲಿ ದಿಕ್ಕಿಲ್ಲದೆ ಮಲಗಿದ ಮುದುಕಿಯ ಪಕ್ಕ ಹೋಗಿ ಕುಳಿತುಕೊಳ್ಳುವವರು ಇವರೇ. ಗಂಡ ಸತ್ತವಳ ಮಗನ ಸ್ಕೂಲ್ ಫೀಸಿಗೆ ಸದ್ದಿಲ್ಲದೆ ದುಡ್ಡು ಕೂಡಿಸುವವರೂ ಇವರೇ. ಈ ಕೆಲಸಕ್ಕೆ ಸಂಬಳವಿಲ್ಲ, ಪೇಪರಿನಲ್ಲಿ ಫೋಟೋ ಬರುವುದಿಲ್ಲ. ಇಂದು ಇದನ್ನು ಮಾಡುವವರ ಮಂಡಿ ನೋಯುತ್ತಿದೆ, ಕಣ್ಣು ಮಂಜಾಗುತ್ತಿದೆ. ಹತ್ತು ವರ್ಷ ಕಳೆದ ಮೇಲೆ ಆ ಮೆಟ್ಟಿಲು ಹತ್ತುವವರು ಯಾರು? ಮಕ್ಕಳು ಬೆಂಗಳೂರಿಗೋ ಗಲ್ಫಿಗೋ ಹೋಗಿ, ಮನೆಯಲ್ಲಿ ಮುದುಕರಿಬ್ಬರೇ ಉಳಿದಿರುವ ಊರಿನಲ್ಲಿ ಇದು ಸಣ್ಣ ಪ್ರಶ್ನೆಯಲ್ಲ.

ಕರಾವಳಿಯ ಹೆಣ್ಣುಮಕ್ಕಳಿಗೆ ದುಡಿಮೆ ಹೊಸತೂ ಅಲ್ಲ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿತು. ಇಲ್ಲಿಯ ಹಂಚಿನ ಕಾರ್ಖಾನೆಗಳಲ್ಲಿ ಹೆಂಗಸರೂ ಬೆವರು ಸುರಿಸಿದ್ದಾರೆ. ಸಂತ ಆಗ್ನೆಸ್ ಮಹಿಳಾ ಕಾಲೇಜು ಬಾಗಿಲು ತೆರೆದದ್ದು 1921ರಲ್ಲಿ. ದಕ್ಷಿಣ ಭಾರತ ಸಭೆಯಲ್ಲಿ 2013ರಲ್ಲಿ ಪುಷ್ಪ ಲಲಿತಾ ಎಂಬವರು ಆಂಧ್ರದ ನಂದ್ಯಾಲದ ಬಿಷಪರಾದರು, ಆ ಸಭೆಯ ಮೊದಲ ಮಹಿಳಾ ಬಿಷಪ್ ಅವರು. ಹೆಂಗಸು ಬಿಷಪ್ ಆಗಬಹುದಾದರೆ, ಮೂವತ್ತರ ಯುವತಿಯೊಬ್ಬಳು ಒಂದು ದಿನದ ಕಾರ್ಯಕ್ರಮದ ತೀರ್ಮಾನ ಮಾಡಬಾರದೇ?

ವೇಳೆ ಯಾರ ಅನುಕೂಲಕ್ಕೆ?

ಮೊದಲ ಎಡವಟ್ಟು ಇರುವುದು ಗಡಿಯಾರದಲ್ಲಿ. ಕೂಟವನ್ನು ವಾರದ ನಡುವೆ ಮಧ್ಯಾಹ್ನ ಮೂರಕ್ಕೆ ಇಟ್ಟರೆ ಬ್ಯಾಂಕಿನವಳು, ನರ್ಸು, ಬಟ್ಟೆ ಅಂಗಡಿಯ ಸೇಲ್ಸ್ ಹುಡುಗಿ ಬರುವುದು ಹೇಗೆ? ವಿಶ್ವ ಪ್ರಾರ್ಥನಾ ದಿನವನ್ನೇ ನೋಡಿ. ಪ್ರತಿವರ್ಷ ಮಾರ್ಚಿಯ ಮೊದಲ ಶುಕ್ರವಾರ, ಒಂದೊಂದು ದೇಶದ ಹೆಂಗಸರು ಬರೆದ ಆರಾಧನೆ. 2024ರಲ್ಲಿ ಪ್ಯಾಲೆಸ್ತೀನ್, 2025ರಲ್ಲಿ ಕುಕ್ ದ್ವೀಪಗಳು. ಎಷ್ಟು ಚಂದದ ಕಲ್ಪನೆ! ಆದರೆ ಶುಕ್ರವಾರ ಕೆಲಸದ ದಿನ. ದುಡಿಯುವ ಹೆಣ್ಣುಮಕ್ಕಳಿಗೆ ರಜೆ ಕೊಡುವವರು ಯಾರು?

ಸಂಜೆ ಆರಕ್ಕೆ ಇಟ್ಟರೂ ಫಜೀತಿಯೇ. ಭಾಷಣ ಮುಗಿದು, ವಂದನಾರ್ಪಣೆ ಮುಗಿದು, ಊಟ ಆಗುವಾಗ ಒಂಬತ್ತು ದಾಟುತ್ತದೆ. ಆಮೇಲೆ ಬಸ್ ಎಲ್ಲಿ? ರಾಜ್ಯ ಸರ್ಕಾರದ ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. ಆದರೆ ಉಚಿತ ಪ್ರಯಾಣ ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಬಹುಪಾಲು ಖಾಸಗಿಯವು. ಬಸ್ ತಪ್ಪಿದರೆ ರಿಕ್ಷಾಕ್ಕೆ ಕೊಡಬೇಕು. ಮನೆಯಲ್ಲಿ ಬೈಗುಳವೂ ತಿನ್ನಬೇಕು.

ಮದ್ದು ಸರಳ. ಭಾನುವಾರದ ಆರಾಧನೆ ಮುಗಿದ ಕೂಡಲೇ ಇಡಿ. ಬರಬೇಕಾದವರು ಆಗಲೇ ಬಂದಿರುತ್ತಾರೆ. ಮಧ್ಯಾಹ್ನದ ಊಟ ಅಲ್ಲೇ ಆಗಲಿ, ಮೂರು ಗಂಟೆಗೆ ಮುಗಿಯಲಿ. ಎಳೆ ಮಕ್ಕಳನ್ನು ನೋಡಿಕೊಳ್ಳಲು ಒಂದು ಕೋಣೆ ಇರಲಿ. ಪಾತ್ರೆ ತೊಳೆಯುವ ಕೆಲಸ ಆ ಒಂದು ದಿನ ಗಂಡಸರಿಗೆ ಇರಲಿ. ಕೈ ಸವೆದು ಹೋಗುವುದಿಲ್ಲ!

ಕುಸ್ವಾರ್ ಇರುವಾಗ ಚಿಂತೆ ಯಾಕೆ?

ಇನ್ನು ಕಾರ್ಯಕ್ರಮ. ಸ್ವಾಗತ, ಪ್ರಸ್ತಾವನೆ, ಮುಖ್ಯ ಅತಿಥಿಯ ಮುಕ್ಕಾಲು ಗಂಟೆಯ ಉಪದೇಶ, ಆಮೇಲೆ ಹೌಸಿ ಹೌಸಿ. ಇಷ್ಟಕ್ಕೆ ಇರುವ ಒಂದೇ ರಜಾದಿನವನ್ನು ಯಾರು ಕೊಟ್ಟಾರು? ಹಾಗೆಂದು ಡಿಜೆ ತಂದು ಲೈಟು ಕುಣಿಸಿದರೆ ಯುವಜನ ಬರುತ್ತಾರೆ ಎಂದು ಕೆಲವರು ತಿಳಿದಿದ್ದಾರೆ. ಅದೂ ತಪ್ಪು ಲೆಕ್ಕ. ಅದು ಮದುವೆ ಹಾಲ್‌ಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಚರ್ಚಿನ ಹೆಂಗಸರ ಹತ್ತಿರ ಮಾತ್ರ ಸಿಗುವಂಥದ್ದು ಏನು, ಅದನ್ನು ಇಡಬೇಕು.

ಉದಾಹರಣೆಗೆ ಕುಸ್ವಾರ್. ಕ್ರಿಸ್‌ಮಸ್‌ಗೆ ಮನೆಮನೆಯಲ್ಲಿ ಆಗುತ್ತಿದ್ದ ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕ್ಕಿ ಈಗ ಬೇಕರಿಯ ಪ್ಯಾಕೆಟ್ಟಿನಲ್ಲಿ ಬರುತ್ತಿದೆ. ತಿನ್ನಲು ಎಲ್ಲರೂ ತಯಾರು, ಮಾಡಲು ಬರುವವರು ಕಡಿಮೆ. ರೋಸ್ ಕುಕ್ಕಿಯ ಅಚ್ಚು ಎಣ್ಣೆಯಲ್ಲಿ ಚೆನ್ನಾಗಿ ಕಾಯಬೇಕು. ಹಿಟ್ಟಿನಲ್ಲಿ ಪೂರ್ತಿ ಮುಳುಗಿಸಬಾರದು, ಮೇಲಿನ ಅಂಚು ಹೊರಗೆ ಉಳಿಯಬೇಕು. ಮುಳುಗಿತೋ, ಹಿಟ್ಟು ಅಚ್ಚು ಬಿಡುವುದಿಲ್ಲ. ಹಿಟ್ಟಿನ ಉಂಡೆಯನ್ನು ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಮಾಡಿದರೆ ಕಿಡಿಯೊ. ಇದು ಭಾಷಣದಿಂದ ಬರುವ ವಿದ್ಯೆಯಲ್ಲ. ಬಾಣಲೆಯ ಎದುರು, ದೊಡ್ಡವರ ಪಕ್ಕ ನಿಂತು ಕಲಿಯಬೇಕು.

ಡಿಸೆಂಬರಿನ ಒಂದು ಭಾನುವಾರ ಹಾಲ್‌ನಲ್ಲಿ ಹತ್ತು ಒಲೆ ಹೂಡಲಿ. ಒಂದೊಂದು ಒಲೆಗೆ ಒಬ್ಬ ಹಿರಿಯಮ್ಮ, ನಾಲ್ಕು ಯುವತಿಯರು. ಹಿರಿಯರು ಹದ ಹೇಳಲಿ. ಕಿರಿಯರು ಆರ್ಡರ್ ಹಿಡಿಯಲಿ, ಮೊಬೈಲಿನಲ್ಲಿ ಹಣ ತೆಗೆದುಕೊಳ್ಳಲಿ, ಡಬ್ಬಿ ಕಟ್ಟಲಿ. ಒಬ್ಬಳಿಗೆ ಅಡುಗೆ ಬೇಡವೆಂದರೆ ಲೆಕ್ಕ ಬರೆಯಲಿ. ಮೈದಾ, ಸಕ್ಕರೆ, ತೆಂಗಿನಕಾಯಿ, ಎಣ್ಣೆಯನ್ನು ಅದೇ ವಠಾರದ ಅಂಗಡಿಗಳಿಂದ ತರಿಸಲಿ. ಒಲೆಯ ಎದುರು ಎರಡು ಗಂಟೆ ನಿಂತರೆ ಮಾತು ತಾನಾಗಿ ಬರುತ್ತದೆ. ಆಫೀಸಿನ ಕಿರಿಕಿರಿ, ಅತ್ತೆ ಮನೆಯ ಸಂಕಟ, ಸಾಲದ ಕಂತು, ಎಲ್ಲ. ಸ್ನೇಹ ಕೂಟ ಎಂಬ ಹೆಸರಿಗೆ ಆಗ ಅರ್ಥ ಬಂದೀತು.

ಲಾಭ ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ಹೇಳಬೇಕು. ವರ್ಷವರ್ಷ ಲಕ್ಕಿ ಡಿಪ್ ಪುಸ್ತಕ ಹಿಡಿದು ಅಂಗಡಿ ಮೆಟ್ಟಿಲು ಹತ್ತುತ್ತಾರೆ. ಹಿಂದೂ, ಸಾಬರು, ಕ್ರಿಸ್ತಿಯನ್ನರು ಎನ್ನದೆ ಎಲ್ಲರೂ ಕೊಡುತ್ತಾರೆ. ಕೊಟ್ಟದ್ದು ಏನಾಯಿತು ಎಂದು ಹೇಳುವವರು ಕಡಿಮೆ. ಇಂಥ ಮಗುವಿನ ಫೀಸು, ಇಂಥ ಮನೆಯ ಮಾಡು ಎಂದು ಗುರಿ ಇಟ್ಟು, ಹೆಸರು ಬಹಿರಂಗ ಮಾಡದೆ, ಖರ್ಚಿನ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಚ್ಚಿದರೆ ಯುವತಿಯರಿಗೂ ನಂಬಿಕೆ, ಅಂಗಡಿಯವರಿಗೂ ಸಮಾಧಾನ.

'ಮದುವೆ ಯಾವಾಗ ಮಗಾ?'

ಕೊನೆಗೆ ಒಂದು ಸೂಕ್ಷ್ಮ ಸಂಗತಿ. ಹೆಚ್ಚಿನ ಕಡೆ ಹುಡುಗಿ ಮದುವೆಯಾಗುವ ತನಕ ಯುವಜನ ಸಂಘದಲ್ಲಿ, ಮದುವೆಯಾದ ಮೇಲೆ ಹೆಂಗಸರ ಸಂಘದಲ್ಲಿ. ಮೂವತ್ತೆರಡಾದರೂ ಮದುವೆಯಾಗದವಳು ಎಲ್ಲಿ ಕೂರಬೇಕು? ಗಂಡನನ್ನು ಬಿಟ್ಟು ಬಂದವಳು? ಮಕ್ಕಳಾಗದವಳು? ಇಂಥವಳು ಧೈರ್ಯ ಮಾಡಿ ಒಂದು ದಿನ ಬಂದರೆ ಬಾಗಿಲಲ್ಲೇ ಪ್ರಶ್ನೆ. 'ಮದುವೆ ಯಾವಾಗ ಮಗಾ?' 'ವಿಶೇಷ ಏನಾದರೂ ಉಂಟಾ?' ಕೇಳಿದವರಿಗೆ ಅದು ಪ್ರೀತಿ. ಕೇಳಿಸಿಕೊಂಡವಳು ಮುಂದಿನ ವರ್ಷ ಆ ಕಡೆ ತಲೆ ಹಾಕುವುದಿಲ್ಲ. ಇದನ್ನು ಸರಿಪಡಿಸಲು ಬಜೆಟ್ ಬೇಡ, ಸಮಿತಿ ಬೇಡ. ನಾಲಿಗೆ ಹಿಡಿದುಕೊಂಡರೆ ಸಾಕು.

ಯುವತಿಯರಿಗೂ ಒಂದು ಮಾತು ಸಲ್ಲಬೇಕು. ಕರೆದಿಲ್ಲ, ಕೇಳಿಲ್ಲ ಎಂದು ದೂರ ನಿಂತರೆ ಏನೂ ಬದಲಾಗುವುದಿಲ್ಲ. ಸಮಿತಿಯಲ್ಲಿ ಮೂರು ಸ್ಥಾನ ಕೇಳಿ ತೆಗೆದುಕೊಳ್ಳಲಿ. ಜೊತೆಗೆ ಹಣ ಖರ್ಚು ಮಾಡುವ ಅಧಿಕಾರವನ್ನೂ ಕೇಳಲಿ. ಹಿರಿಯರು ಕೊಡಲಿ. ಮೊದಲ ವರ್ಷ ಲೆಕ್ಕ ಸ್ವಲ್ಪ ತಪ್ಪಬಹುದು, ನೆವ್ರಿ ಒಡೆಯಬಹುದು. ಒಡೆದ ನೆವ್ರಿಯನ್ನು ತಿಂದು ಮುಗಿಸಲು ಜನ ಸಿಗುತ್ತಾರೆ. ಬಾಗಿಲು ಮುಚ್ಚಿದ ಕೂಟವನ್ನು ಮತ್ತೆ ತೆರೆಯಲು ಜನ ಸಿಗುವುದು ಕಷ್ಟ.